ದಾನಿಯ ಅಂಡಾಣು, ವೀರ್ಯಾಣುವಿನಿಂದ ಮಗು ಪಡೆಯುವ ಮನೆಗಳಿಗೆ: ಮನಸ್ಸಿನ ಸಿದ್ಧತೆ ಮತ್ತು ಮಗುವಿಗೆ ಹೇಳುವ ಬಗೆ

ಮಂಗಳೂರಿನಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ, ದಾನಿಯ ಅಂಡಾಣು ಅಥವಾ ವೀರ್ಯಾಣುವಿನಿಂದ ಮಗು ಪಡೆಯಲು ಹೊರಟ ದಂಪತಿಗಳು ನನ್ನಲ್ಲಿ ಮೊದಲು ಕೇಳಿದ್ದು ಹೆಚ್ಚಾಗಿ ಒಂದೇ ಪ್ರಶ್ನೆ: "ಇದು ಯಾರಿಗೂ ಗೊತ್ತಾಗುವುದಿಲ್ಲ ಅಲ್ವಾ ಮೇಡಂ?" ಖರ್ಚೆಷ್ಟು, ಚಿಕಿತ್ಸೆ ಫಲಿಸುತ್ತದೆಯೇ, ಮಗು ಆರೋಗ್ಯವಾಗಿರುತ್ತದೆಯೇ ಎಂಬುದೆಲ್ಲ ಆಮೇಲೆ ಬರುತ್ತದೆ. ಆ ಮಾತು ಕೇಳುವಾಗ ಅವರ ಧ್ವನಿ ತಗ್ಗುತ್ತದೆ; ಕೆಲವರು ಕೋಣೆಯ ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡುತ್ತಾರೆ. ಎಷ್ಟೋ ವರ್ಷಗಳ ನಂತರ ಅದೇ ಮನೆಗಳಿಂದ ಕೆಲವರು ಮತ್ತೆ ಬಂದಿದ್ದಾರೆ. ಆಗ ಅವರನ್ನು ಬಾಧಿಸುತ್ತಿದ್ದುದು ಮಗುವಿನ ಹುಟ್ಟಿನ ವಿಚಾರಕ್ಕಿಂತ ಹೆಚ್ಚಾಗಿ ಅದನ್ನು ಬಚ್ಚಿಟ್ಟುಕೊಂಡು ಬಂದ ಆಯಾಸ.

ಆದ್ದರಿಂದ ಈ ಲೇಖನದಲ್ಲಿ ಚಿಕಿತ್ಸೆಯ ವೈದ್ಯಕೀಯ ಭಾಗವನ್ನು ವಿವರಿಸುತ್ತಿಲ್ಲ. ಚಿಕಿತ್ಸೆಗೆ ಒಪ್ಪುವ ಮೊದಲಿನಿಂದ ಮಗು ದೊಡ್ಡದಾಗುವವರೆಗೆ ಮನಸ್ಸು ಹಾದುಹೋಗುವ ಹಂತಗಳನ್ನು, ಆಯಾ ಹಂತದಲ್ಲಿ ಏನು ಮಾಡಿದರೆ ಒಳ್ಳೆಯದೆಂದು ನನಗೆ ಅನುಭವದಿಂದ ತೋರಿದೆಯೋ ಅದನ್ನು, ಕ್ರಮವಾಗಿ ಹೇಳುತ್ತೇನೆ. ಇಲ್ಲಿ ಬರುವ ಕುಟುಂಬಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಹೆಜ್ಜೆ: ದುಃಖವನ್ನು ದಾಟಿಯೇ ಮುಂದೆ ಹೋಗಿ

"ಎಎಂಎಚ್ (ಅಂಡಾಶಯದಲ್ಲಿ ಎಷ್ಟು ಅಂಡಾಣು ಉಳಿದಿದೆ ಎಂಬುದನ್ನು ಸೂಚಿಸುವ ರಕ್ತಪರೀಕ್ಷೆಯ ಅಂಕಿ) ತುಂಬಾ ಕಡಿಮೆ ಉಂಟು, ಡೋನರ್ ಎಗ್ ನೋಡುವ" ಎಂದು ವೈದ್ಯರು ಹೇಳಿದ ವಾರದಲ್ಲಿಯೇ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದವರನ್ನು ನಾನು ಕಂಡಿದ್ದೇನೆ. ಅವರ ಆತುರ ನನಗೆ ಅರ್ಥವಾಗುತ್ತದೆ. ಮದುವೆಯಾಗಿ ಎಂಟು ಹತ್ತು ವರ್ಷ ಕಳೆದಿರುತ್ತದೆ. ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸಿ, ಕಟೀಲಿಗೆ ಯಕ್ಷಗಾನದ ಹರಕೆ ಹೇಳಿಕೊಂಡು, ಎರಡು ಮೂರು ಸಲ ಐವಿಎಫ್ ಸೋತು ಬಂದಿರುತ್ತಾರೆ. ಇನ್ನೂ ಕಾಯುವುದೆಂದರೆ ಅವರಿಗೆ ಶಿಕ್ಷೆಯಂತೆ ತೋರುತ್ತದೆ.

ಆದರೂ ಕೆಲವು ತಿಂಗಳು ನಿಲ್ಲಿ ಎಂದೇ ನಾನು ಹೇಳುವುದು. ತನ್ನದೇ ಅಂಡಾಣುವಿನಿಂದ ಮಗು ಆಗುವುದಿಲ್ಲವೆಂದು ತಿಳಿದ ಹೆಣ್ಣು ಒಂದು ಮಗುವನ್ನು ಕಳೆದುಕೊಂಡಿರುತ್ತಾಳೆ. ತನ್ನ ಅಮ್ಮನ ಕಣ್ಣು, ಅಜ್ಜನ ಗುಂಗುರು ಕೂದಲು ಇರಬಹುದಾಗಿದ್ದ, ಅವಳು ಮನಸ್ಸಿನಲ್ಲಿಯೇ ಸಾಕಿಕೊಂಡಿದ್ದ ಮಗು ಅದು. ಸತ್ತವರಿಗಾದರೆ ಹನ್ನೊಂದನೆಯ ದಿನ, ಹದಿಮೂರನೆಯ ದಿನ ಎಂದು ಕ್ರಮಗಳಿವೆ, ಬಂದು ಕುಳಿತು ಹೋಗುವ ನೆಂಟರಿದ್ದಾರೆ. ಈ ದುಃಖಕ್ಕೆ ಅಂಥದ್ದೊಂದೂ ಇಲ್ಲ. ಹಾಗಾಗಿ ದಂಪತಿಗಳು ತಾವೇ ಅದಕ್ಕೊಂದು ಜಾಗ ಮಾಡಿಕೊಳ್ಳಬೇಕಾಗುತ್ತದೆ. ಉಡುಪಿ ಕಡೆಯ ಒಬ್ಬರು, ತಮಗೆ ಹುಟ್ಟಬಹುದೆಂದು ಕಲ್ಪಿಸಿಕೊಂಡಿದ್ದ ಮಗಳಿಗೆ ಒಂದು ಕಾಗದ ಬರೆದು, ಗಂಡನಿಗೆ ಓದಿ ಹೇಳಿ, ಇಬ್ಬರೂ ಮಲ್ಪೆ ಕಡಲತೀರದಲ್ಲಿ ಸಂಜೆಯವರೆಗೆ ಕುಳಿತು ಎದ್ದು ಬಂದರು. ಅಷ್ಟರ ನಂತರ ಅವರಿಗೆ ದಾನಿಯ ವಿವರಗಳನ್ನು ನೋಡುವ ಧೈರ್ಯ ಬಂದಿತು.

ಸಿದ್ಧತೆ ಆಗಿದೆಯೇ ಎಂದು ತಿಳಿಯಲು ಒಂದು ಪ್ರಶ್ನೆಯನ್ನು ನಿಮ್ಮೊಳಗೇ ಕೇಳಿಕೊಳ್ಳಿ: ದಾನಿಯಾದ ಆ ಅಪರಿಚಿತ ವ್ಯಕ್ತಿಯನ್ನು ಮನಸ್ಸಿನಲ್ಲಿ ನೆನೆದಾಗ ಏನನ್ನಿಸುತ್ತದೆ? ಸಿಟ್ಟು, ಅಸೂಯೆ, ನಾಚಿಕೆಗಳಷ್ಟೇ ಬಂದರೆ ಇನ್ನೂ ಸಮಯ ಬೇಕು. ಅವುಗಳ ಜೊತೆಗೆ ಸ್ವಲ್ಪವಾದರೂ ಕೃತಜ್ಞತೆ ಬಂದಿದ್ದರೆ ಮುಂದುವರಿಯಬಹುದು. ಹತ್ತು ಹನ್ನೆರಡು ದಿನ ಚುಚ್ಚುಮದ್ದು ತೆಗೆದುಕೊಂಡು, ಅರಿವಳಿಕೆಯಲ್ಲಿ ಮಲಗಿ ಅಂಡಾಣು ಕೊಟ್ಟ ಒಬ್ಬ ಹೆಣ್ಣು ಅಲ್ಲಿದ್ದಾಳೆ ಎಂಬುದನ್ನು ಮರೆಯಬಾರದು.

ಎರಡನೆಯ ಹೆಜ್ಜೆ: ಗಂಡಸು ಮಾತಾಡುವವರೆಗೆ ಕಾಯಿರಿ

ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲವೆಂಬ ವರದಿ ಬಂದ ಮನೆಗಳಲ್ಲಿ ನಾನು ಹೆಚ್ಚು ಹೆದರುವುದು ಅಳುವ ಗಂಡಸಿನ ಬಗ್ಗೆ ಅಲ್ಲ. "ಅವಳು ಹೇಳಿದ ಹಾಗೆ ಮಾಡುವ, ನನ್ನದೇನೂ ತಕರಾರಿಲ್ಲ" ಎಂದು ಎರಡೇ ಮಾತಿನಲ್ಲಿ ಮುಗಿಸುವವನ ಬಗ್ಗೆ. ಸಂತಾನಶಕ್ತಿಯೂ ಗಂಡಸುತನವೂ ಒಂದೇ ಎಂದು ನಮ್ಮಲ್ಲಿ ಎಷ್ಟು ಆಳವಾಗಿ ನಂಬಿಸಲಾಗಿದೆಯೆಂದರೆ, ಆ ವರದಿಯನ್ನು ಕೈಯಲ್ಲಿ ಹಿಡಿದ ಕ್ಷಣದಿಂದ ಎಷ್ಟೋ ಗಂಡಸರು ಹೆಂಡತಿಗೆ ಸಾಲಗಾರರಾದಂತೆ ಬದುಕತೊಡಗುತ್ತಾರೆ. ಸಾಲಗಾರನಿಗೆ ಬೇಡವೆನ್ನುವ ಹಕ್ಕಿಲ್ಲವೆಂದು ಭಾವಿಸಿ, ಮನಸ್ಸಿಲ್ಲದಿದ್ದರೂ ಒಪ್ಪಿಬಿಡುತ್ತಾರೆ. ಎಷ್ಟೋ ಕಡೆ ಹೆಂಡತಿಯೂ ಗಂಡನ ಮರ್ಯಾದೆ ಕಾಯಲು ದೋಷ ತನ್ನದೇ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿರುತ್ತಾಳೆ. ಅತ್ತೆಯ ಚುಚ್ಚುಮಾತುಗಳನ್ನು ಅವಳು ನುಂಗಿಕೊಂಡದ್ದು ಮುಂದೊಂದು ದಿನ ಜಗಳದಲ್ಲಿ ಹೊರಬರುತ್ತದೆ.

ಇದರ ಫಲ ಕಾಣಿಸುವುದು ಮಗು ಹುಟ್ಟಿದ ಮೇಲೆ. ಮಗು ಹಠ ಮಾಡಿದಾಗ, ಅಂಕ ಕಡಿಮೆ ಬಂದಾಗ, ತಂದೆಯಾದವನು ಹಿಂದೆ ಸರಿದು "ನಿನ್ನ ಮಗ, ನೀನೇ ನೋಡಿಕೊ" ಎಂದು ಬಿಡುತ್ತಾನೆ. ಆ ಒಂದು ಮಾತಿನ ನೋವು ಹೆಂಡತಿಗೂ ಗೊತ್ತು, ಹೇಳಿದವನಿಗೂ ಗೊತ್ತು. ಮಗುವಿಗೆ ಮಾತ್ರ ಏನೆಂದು ತಿಳಿಯದೆ, ತನ್ನಲ್ಲಿಯೇ ಏನೋ ಕೊರತೆಯಿದೆ ಎಂದುಕೊಳ್ಳುತ್ತದೆ.

ಆದ್ದರಿಂದ ಚಿಕಿತ್ಸೆಗೆ ಮೊದಲು ಗಂಡನೊಬ್ಬನೇ ಬಂದು ಆಪ್ತಸಮಾಲೋಚಕರಲ್ಲಿ ಕನಿಷ್ಠ ಎರಡು ಸಲ ಮಾತಾಡಬೇಕೆಂದು ನಾನು ಒತ್ತಾಯಿಸುತ್ತೇನೆ. ಬೇಡ ಎನ್ನುವ ಅಧಿಕಾರ ತನಗೂ ಇದೆ ಎಂದು ಅವನಿಗೆ ನಿಜವಾಗಿ ಅನ್ನಿಸಿದ ಮೇಲೆ ಕೊಟ್ಟ ಒಪ್ಪಿಗೆ ಮಾತ್ರ ಒಪ್ಪಿಗೆ. ಮಗು ಹುಟ್ಟಿದ ಮೇಲೆ ಅವನಿಗೆ ಮೊದಲ ದಿನದಿಂದಲೇ ಕೆಲಸ ಕೊಡಿ: ಮೀಯಿಸುವುದು, ರಾತ್ರಿ ಎತ್ತಿಕೊಳ್ಳುವುದು, ಲಸಿಕೆಗೆ ಕರೆದೊಯ್ಯುವುದು. ಬಾಣಂತನದ ಕೋಣೆಗೆ ಗಂಡಸರು ಬರಬಾರದೆಂಬ ಹಳೆಯ ಪದ್ಧತಿ ಇಂಥ ಮನೆಗಳಲ್ಲಿ ತೊಂದರೆಯನ್ನೇ ಮಾಡುತ್ತದೆ.

ಮೂರನೆಯ ಹೆಜ್ಜೆ: ಕಾನೂನು ತಿಳಿದುಕೊಳ್ಳಿ, ಕಡತ ತೆರೆಯಿರಿ

ಭಾರತದಲ್ಲಿ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ 2021ರಲ್ಲಿ ಅಂಗೀಕಾರವಾಗಿ 2022ರ ಜನವರಿಯಲ್ಲಿ ಜಾರಿಗೆ ಬಂದಿದೆ. ಅದರಲ್ಲಿ ಮನಸ್ಸಿಗೆ ನೆಮ್ಮದಿ ಕೊಡುವ ಅಂಶಗಳು ಕೆಲವಿವೆ. ಹೀಗೆ ಹುಟ್ಟಿದ ಮಗು ಕಾನೂನಿನ ದೃಷ್ಟಿಯಲ್ಲಿ ಆ ದಂಪತಿಗಳ ಜೈವಿಕ ಮಗುವೇ. ಸಹಜವಾಗಿ ಹುಟ್ಟಿದ ಮಗುವಿಗಿರುವ ಎಲ್ಲ ಹಕ್ಕುಗಳೂ ಅದಕ್ಕಿವೆ. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇರುವುದಿಲ್ಲ. ದಾನಿಯನ್ನು ಒದಗಿಸಬೇಕಾದದ್ದು ನೋಂದಾಯಿತ ಬ್ಯಾಂಕ್. ವೀರ್ಯಾಣು ದಾನಿಗೆ 21ರಿಂದ 55, ಅಂಡಾಣು ದಾನಿಗೆ 23ರಿಂದ 35 ವರ್ಷದ ಮಿತಿಯಿದೆ. ಒಬ್ಬ ಹೆಣ್ಣು ಜೀವಮಾನದಲ್ಲಿ ಒಂದೇ ಸಲ ಅಂಡಾಣು ದಾನ ಮಾಡಬಹುದು, ಆಗಲೂ ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ತೆಗೆಯುವಂತಿಲ್ಲ. ಒಬ್ಬ ದಾನಿಯ ಅಂಡಾಣು ಅಥವಾ ವೀರ್ಯಾಣುವನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡುವಂತಿಲ್ಲ. ಒಡಹುಟ್ಟಿದವರೇ ತಿಳಿಯದೆ ಮದುವೆಯಾಗಿಬಿಟ್ಟರೆ ಎಂಬ ಹೆದರಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಈ ನಿಯಮ ಅದನ್ನು ಬಹುಮಟ್ಟಿಗೆ ಕಳೆಯುತ್ತದೆ. ಒಂಟಿ ಮಹಿಳೆಯರಿಗೂ ಈ ಕಾಯ್ದೆಯಡಿ ಚಿಕಿತ್ಸೆಗೆ ಅವಕಾಶವಿದೆ. ಆಪ್ತಸಮಾಲೋಚನೆ ಒದಗಿಸುವುದು ಕ್ಲಿನಿಕ್‌ನ ಕರ್ತವ್ಯವೆಂದು ಕಾಯ್ದೆಯೇ ಹೇಳುತ್ತದೆ; ಐದು ನಿಮಿಷದ ಮಾತಿನಲ್ಲಿ ಅದನ್ನು ಮುಗಿಸಲು ಬಿಡಬೇಡಿ.

ದಾನಿಯ ಹೆಸರು ಮಾತ್ರ ನಿಮಗೂ ತಿಳಿಯುವುದಿಲ್ಲ, ಮುಂದೆ ಮಗುವಿಗೂ ತಿಳಿಯುವುದಿಲ್ಲ. ಸ್ವೀಡನ್ನಿನಲ್ಲಿ 1985ರಿಂದ, ಬ್ರಿಟನ್ನಿನಲ್ಲಿ 2005ರ ಏಪ್ರಿಲ್ ನಂತರ ನೋಂದಾಯಿಸಿಕೊಂಡ ದಾನಿಗಳ ವಿಷಯದಲ್ಲಿ, ಬೆಳೆದ ಮಕ್ಕಳು ದಾನಿ ಯಾರೆಂದು ಕೇಳಿ ತಿಳಿಯಬಹುದು. ನಮ್ಮ ಕಾಯ್ದೆ ಆ ದಾರಿಯನ್ನು ತೆರೆದಿಲ್ಲ. ಇದು ಮಕ್ಕಳಿಗೆ ಆದ ನಷ್ಟವೆಂದೇ ನನ್ನ ಅಭಿಪ್ರಾಯ. ಹಾಗಿರುವಾಗ ಹೆತ್ತವರು ಮಾಡಬಹುದಾದ ಕೆಲಸ ಒಂದಿದೆ: ಗುರುತು ಬಿಟ್ಟುಕೊಡದ ವಿವರಗಳನ್ನಾದರೂ ಆಗಲೇ ಕೇಳಿ ಬರೆದಿಟ್ಟುಕೊಳ್ಳುವುದು. ದಾನಿಯ ವಯಸ್ಸು, ಎತ್ತರ, ಮೈಬಣ್ಣ, ರಕ್ತದ ಗುಂಪು, ವಿದ್ಯಾಭ್ಯಾಸ, ಮನೆತನದಲ್ಲಿರುವ ಕಾಯಿಲೆಗಳು, ಏನು ಸಿಗುತ್ತದೆಯೋ ಅಷ್ಟು. ಕ್ಲಿನಿಕ್‌ಗಳು ದಾಖಲೆಗಳನ್ನು ಇಟ್ಟುಕೊಳ್ಳಬೇಕಾದದ್ದು ಕನಿಷ್ಠ 10 ವರ್ಷ. ಆಮೇಲೆ ಅವು ರಾಷ್ಟ್ರೀಯ ನೋಂದಣಿಗೆ ಹೋಗುತ್ತವೆ. ಮಗುವಿಗೆ ಹದಿನೈದಾದಾಗ ಕೇಳಿದರಾಯಿತು ಎಂದು ಬಿಡಬೇಡಿ.

ನಾಲ್ಕನೆಯ ಹೆಜ್ಜೆ: "ಮಗು ಯಾರ ಹಾಗೆ ಉಂಟು?"

ಬಯಕೆಯ ದಿನ ಮಲ್ಲಿಗೆ ಮುಡಿದು ಕುಳಿತ ಬಸುರಿಯ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಒಬ್ಬರು ನನಗೆ ಹೀಗೆ ಹೇಳಿದರು: "ಎಲ್ಲರೂ ಆರತಿ ಎತ್ತುವಾಗ ನಾನು ಮೋಸ ಮಾಡುತ್ತಿದ್ದೇನೆ ಅಂತ ಆಗುತ್ತಿತ್ತು." ಮಗು ಹುಟ್ಟಿದಾಗ ಪ್ರೀತಿ ಬರುತ್ತದೋ ಇಲ್ಲವೋ ಎಂಬ ಭಯವೂ ಅವರಿಗಿತ್ತು. ಈ ಭಯ ಬಹಳ ಸಾಮಾನ್ಯ, ಮತ್ತು ಬಹುತೇಕ ಮನೆಗಳಲ್ಲಿ ಹಾಲೂಡಿಸುವ ಮೊದಲ ವಾರಗಳಲ್ಲಿಯೇ ಅದು ಕರಗುತ್ತದೆ. ಅಂಡಾಣು ಬೇರೆಯವರದಾದರೂ ಒಂಬತ್ತು ತಿಂಗಳು ಮಗು ಬೆಳೆದದ್ದು ಈ ತಾಯಿಯ ರಕ್ತದಿಂದ ಬಂದ ಪೋಷಣೆಯಲ್ಲಿ. ಅದು ಕೇಳಿದ ಮೊದಲ ದನಿ ಇವಳದು. ಯಶೋದೆಯ ಉದಾಹರಣೆ ಕೊಟ್ಟು ಇಂಥ ತಾಯಂದಿರನ್ನು ಸಮಾಧಾನ ಮಾಡುವವರು ಉಡುಪಿಯಲ್ಲಿ ಸಹಜವಾಗಿಯೇ ಹೆಚ್ಚು. ಆದರೆ ಯಶೋದೆ ಹೆರಲಿಲ್ಲ, ಇವಳು ಹೆತ್ತಿದ್ದಾಳೆ. ಆ ಹೋಲಿಕೆ ಕೇಳಿ ನೊಂದುಕೊಂಡ ತಾಯಂದಿರನ್ನು ನಾನು ನೋಡಿದ್ದೇನೆ. ಹೆರಿಗೆಯಾಗಿ ಎರಡು ಮೂರು ವಾರ ಕಳೆದರೂ ಮಂಕು ಬಿಡದಿದ್ದರೆ, ನಿದ್ದೆ ಬಾರದಿದ್ದರೆ, ಅದನ್ನು ದಾನಿಯ ವಿಚಾರಕ್ಕೆ ಗಂಟುಹಾಕದೆ ವೈದ್ಯರಿಗೆ ತೋರಿಸಿ. ಬಾಣಂತಿಯರಲ್ಲಿ ಬರುವ ಖಿನ್ನತೆಗೆ ಚಿಕಿತ್ಸೆಯಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ತೊಟ್ಟಿಲು ಹಾಕುವ ದಿನ ಬರುವ ಪ್ರಶ್ನೆಗೆ ಉತ್ತರವನ್ನು ಮೊದಲೇ ಯೋಚಿಸಿಡಿ. "ಮಗು ಯಾರ ಹಾಗೆ ಉಂಟು?" ಎಂದು ಕೇಳುವವರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ, ಅದು ಮಾತಿಗೆ ಮಾತು. "ನಗುವಾಗ ಅವರಪ್ಪನ ಹಾಗೆಯೇ" ಎಂದರೆ ಅದು ಸುಳ್ಳಲ್ಲ, ಏಕೆಂದರೆ ಮಕ್ಕಳು ನಗುವ ರೀತಿಯನ್ನು ಎತ್ತಿಕೊಂಡವರಿಂದಲೂ ಕಲಿಯುತ್ತವೆ.

ಇನ್ನೊಂದು ಪ್ರಶ್ನೆ ಈ ಕರಾವಳಿಯದೇ ಆದದ್ದು. ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ 'ಬರಿ', ಅಂದರೆ ಗೋತ್ರದಂತೆ ಕುಲವನ್ನು ಗುರುತಿಸುವ ಹೆಸರು, ಬರುವುದು ತಾಯಿಯಿಂದ. ಹಾಗಾದರೆ ಬೇರೆ ಹೆಣ್ಣಿನ ಅಂಡಾಣುವಿನಿಂದ ಹುಟ್ಟಿದ ಮಗುವಿನ ಬರಿ ಯಾವುದು ಎಂದು ತರವಾಡು ಮನೆಯ (ಕುಟುಂಬದ ಮೂಲಮನೆಯ) ಹಿರಿಯ ಅಜ್ಜಿಯೊಬ್ಬರು ಸೊಸೆಯನ್ನೇ ಕರೆತಂದು ನನ್ನಲ್ಲಿ ಕೇಳಿದ್ದರು. ಬರಿಯ ಲೆಕ್ಕ ಹುಟ್ಟಿದ ಕಾಲದಲ್ಲಿ ಹೆತ್ತವಳೊಬ್ಬಳು, ಅಂಡಾಣು ಕೊಟ್ಟವಳು ಇನ್ನೊಬ್ಬಳು ಎಂಬುದು ಊಹೆಗೂ ನಿಲುಕದ ಸಂಗತಿ. ಹಾಗಾಗಿ ಹಳೆಯ ನಿಯಮದಲ್ಲಿ ಇದಕ್ಕೆ ಸಿದ್ಧ ಉತ್ತರವಿಲ್ಲ. ನಾನು ಬಲ್ಲ ಮನೆಗಳೆಲ್ಲ ಹೆತ್ತ ತಾಯಿಯ ಬರಿಯನ್ನೇ ಇಟ್ಟುಕೊಂಡಿವೆ, ಆ ಅಜ್ಜಿಯೂ ಕೊನೆಗೆ ಅದನ್ನೇ ಒಪ್ಪಿದರು. ತಂದೆಯ ಗೋತ್ರ ನಡೆಯುವ ಮನೆಗಳಲ್ಲಿ ವೀರ್ಯಾಣು ದಾನದ ಪ್ರಶ್ನೆ ಬಂದಾಗ, ದತ್ತು ಬಂದ ಮಗನಿಗೆ ಸಾಕಿದ ತಂದೆಯ ಗೋತ್ರವನ್ನೇ ಹೇಳುವ ಪದ್ಧತಿ ಮೊದಲಿನಿಂದಲೂ ಇದೆಯೆಂಬುದನ್ನು ನೆನಪಿಸುತ್ತೇನೆ. ಕಥೊಲಿಕ್ ಸಭೆ ದಾನಿಯ ನೆರವಿನ ಸಂತಾನವನ್ನು ಒಪ್ಪುವುದಿಲ್ಲ. ಆದರೆ ಹಾಗೆಂದು ಹೇಳಿದ 1987ರ ಸೂಚನಾಪತ್ರವೇ, ಹೇಗೆ ಹುಟ್ಟಿದರೂ ಮಗುವನ್ನು ದೇವರ ಕೊಡುಗೆಯೆಂದು ಸ್ವೀಕರಿಸಿ ಪ್ರೀತಿಯಿಂದ ಬೆಳೆಸಬೇಕೆಂದೂ ಹೇಳಿದೆ. ಬಹುಪಾಲು ಸುನ್ನಿ ವಿದ್ವಾಂಸರೂ ಇದಕ್ಕೆ ಸಮ್ಮತಿಸುವುದಿಲ್ಲ. ಯಾವ ಧರ್ಮದವರೇ ಆಗಲಿ, ನಿಮ್ಮ ನಂಬಿಕೆಯೊಂದಿಗಿನ ಲೆಕ್ಕವನ್ನು ಚಿಕಿತ್ಸೆಗೆ ಮೊದಲೇ ಮುಗಿಸಿಕೊಳ್ಳಿ. ಮಗು ಹುಟ್ಟಿದ ಮೇಲೆ ಆ ಹೊರೆ ಮಗುವಿನ ತಲೆಯ ಮೇಲೆ ಹೋಗಬಾರದು.

ಐದನೆಯ ಹೆಜ್ಜೆ: ಯಾರಿಗೆ ಹೇಳುವುದು

ದಾನಿಯ ವೀರ್ಯದಿಂದ ಗರ್ಭ ನಿಲ್ಲಿಸಿದ್ದಕ್ಕೆ ದಾಖಲೆಯಿರುವ ಮೊದಲ ಘಟನೆ ನಡೆದದ್ದು 1884ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಹೆಂಡತಿಗೆ ಅರಿವಳಿಕೆ ಕೊಟ್ಟು ವೈದ್ಯರು ಅದನ್ನು ಮಾಡಿದರು. ಗಂಡನಿಗೆ ಆಮೇಲೆ ಹೇಳಿದರು, ಆ ಹೆಂಗಸಿಗೆ ಹೇಳಲೇ ಇಲ್ಲ. ಈ ಚಿಕಿತ್ಸೆಗೆ ಅಂಟಿಕೊಂಡ ಗುಟ್ಟು ಅಷ್ಟು ಹಳೆಯದು.

ನನ್ನ ಸಲಹೆ ಇಷ್ಟೇ: ಗುಟ್ಟು ಬೇರೆ, ಮನೆಯ ಮಾತು ಬೇರೆ. ಮನೆಯ ಮಾತನ್ನು ಬೀದಿಯಲ್ಲಿ ಹೇಳಬೇಕಾಗಿಲ್ಲ, ನೆರೆಕರೆಯವರಿಗೆ, ಸಂಘದವರಿಗೆ, ಕಚೇರಿಯವರಿಗೆ ತಿಳಿಸಬೇಕಾಗಿಲ್ಲ. ಆದರೆ ಅದು ಯಾರ ಬದುಕಿಗೆ ಸೇರಿದ ಮಾತೋ ಅವರಿಂದಲೇ ಮುಚ್ಚಿಟ್ಟರೆ ಅದು ಗುಟ್ಟಾಗುತ್ತದೆ. ಅಜ್ಜಿಗೆ, ಅಕ್ಕನಿಗೆ, ಮುಂಬೈಯಲ್ಲಿರುವ ಮಾವನಿಗೆ ಗೊತ್ತಿದ್ದು ಮಗುವಿಗೆ ಮಾತ್ರ ಗೊತ್ತಿಲ್ಲದ ಸ್ಥಿತಿ ಎಲ್ಲಕ್ಕಿಂತ ಅಪಾಯದ್ದು. ಆದ್ದರಿಂದ ಮಗುವಿಗೆ ಹೇಳಲು ಸಿದ್ಧರಿಲ್ಲದಿದ್ದರೆ ಬೇರೆ ಯಾರಿಗೂ ಹೇಳಬೇಡಿ. ಹೇಳಿದ್ದರೆ, ಮಗುವಿಗೆ ಹೇಳುವುದನ್ನು ಮುಂದೂಡಬೇಡಿ.

ಆರನೆಯ ಹೆಜ್ಜೆ: ಮಗುವಿಗೆ ಹೇಳುವ ಬಗೆ

"ಹೇಳದಿದ್ದರೆ ಗೊತ್ತಾಗುವುದೇ ಇಲ್ಲ, ಸುಮ್ಮನೆ ಯಾಕೆ ನೋಯಿಸುವುದು" ಎನ್ನುವ ಹಿರಿಯರ ಮಾತಿನಲ್ಲಿ ಪ್ರೀತಿಯಿದೆ. ಆದರೆ ಈಗಿನ ಕಾಲದಲ್ಲಿ ಗೊತ್ತಾಗುತ್ತದೆ. ತಂದೆ ತಾಯಿ ಇಬ್ಬರದೂ ಓ ಗುಂಪು, ತನ್ನದು ಎ ಗುಂಪು ಎಂದು ರಕ್ತದಾನ ಶಿಬಿರದಲ್ಲಿ ತಿಳಿದ ಪಿಯುಸಿ ವಿದ್ಯಾರ್ಥಿ ಮರುದಿನದ ಜೀವಶಾಸ್ತ್ರ ತರಗತಿಯಲ್ಲಿ ಅದರ ಅರ್ಥವನ್ನು ತಾನೇ ಲೆಕ್ಕ ಹಾಕಬಲ್ಲ. ವಿದೇಶದಲ್ಲಿರುವ ನೆಂಟರು ಉಡುಗೊರೆಯಾಗಿ ಕೊಡುವ ಡಿಎನ್‌ಎ ಪರೀಕ್ಷೆಯ ಪೆಟ್ಟಿಗೆ ಇನ್ನೂ ಹೆಚ್ಚು ಹೇಳುತ್ತದೆ. ಇದಲ್ಲದೆ, ವೈದ್ಯರು "ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಉಂಟಾ, ಹೃದಯದ ತೊಂದರೆ ಉಂಟಾ" ಎಂದು ಕೇಳಿದಾಗಲೆಲ್ಲ ವಿಷಯ ತಿಳಿಯದ ಮಗ ಅಥವಾ ಮಗಳು ಜೀವನವಿಡೀ ತಪ್ಪು ಉತ್ತರ ಕೊಡುತ್ತಿರಬೇಕಾಗುತ್ತದೆ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಸೂಸನ್ ಗೊಲೊಂಬಾಕ್ ಮತ್ತು ಅವರ ತಂಡ ಬ್ರಿಟನ್ನಿನ ಇಂಥ ಮನೆಗಳನ್ನು ಮಕ್ಕಳ ಎಳವೆಯಿಂದ ಇಪ್ಪತ್ತು ವರ್ಷ ತುಂಬುವವರೆಗೂ ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಕೆಲಸಕ್ಕೆ ದೊಡ್ಡ ಆಧಾರ. ಅಂಡಾಣು ದಾನ, ವೀರ್ಯಾಣು ದಾನ ಹಾಗೂ ಬಾಡಿಗೆ ತಾಯ್ತನದಿಂದ ಮಗು ಪಡೆದ 65 ಮನೆಗಳನ್ನು ಸಹಜವಾಗಿ ಮಗು ಪಡೆದ 52 ಮನೆಗಳೊಂದಿಗೆ ಹೋಲಿಸಿದಾಗ, ಮಕ್ಕಳ ಮಾನಸಿಕ ಸ್ವಾಸ್ಥ್ಯದಲ್ಲಾಗಲೀ ತಾಯಿ ಮಕ್ಕಳ ಸಂಬಂಧದಲ್ಲಾಗಲೀ ವ್ಯತ್ಯಾಸ ಕಂಡುಬರಲಿಲ್ಲ. ಏಳು ವರ್ಷದೊಳಗೆ ವಿಷಯ ತಿಳಿಸಿದ್ದ ಮನೆಗಳಲ್ಲಿ ಸಂಬಂಧಗಳು ಇನ್ನೂ ಚೆನ್ನಾಗಿದ್ದವು, ತಾಯಂದಿರ ಆತಂಕವೂ ಕಡಿಮೆಯಿತ್ತು.

ಹಾಗಾಗಿ ಎಳವೆಯಲ್ಲೇ ಆರಂಭಿಸಿ. ಕೂಸಿಗೆ ಎಣ್ಣೆ ಹಚ್ಚಿ ಮೀಯಿಸುವಾಗ "ನಿನ್ನನ್ನು ತರಲು ಒಬ್ಬ ಒಳ್ಳೆಯ ಅಕ್ಕ ನಮಗೆ ಸಹಾಯ ಮಾಡಿದಳು" ಎಂದು ಹೇಳುತ್ತಾ ಬನ್ನಿ. ಕೂಸಿಗೆ ಅದು ಅರ್ಥವಾಗುವುದಿಲ್ಲ. ಆದರೆ ನಿಮ್ಮ ನಾಲಗೆಗೆ ಅಭ್ಯಾಸವಾಗುತ್ತದೆ, ಕಣ್ಣೀರು ಬರುವುದಿದ್ದರೆ ಆಗಲೇ ಬಂದು ಹೋಗುತ್ತದೆ. ಮೂರು ನಾಲ್ಕು ವರ್ಷಕ್ಕೆ ಕಥೆಯಾಗಿ ಹೇಳಬಹುದು. ಕಾರ್ಕಳದ ಕಡೆಯ ತಾಯಿಯೊಬ್ಬರು ಮಗಳಿಗೆ ಹೇಳಿದ ರೀತಿ ನನಗೆ ತುಂಬ ಇಷ್ಟವಾಯಿತು. "ನಮ್ಮ ಮನೆಯಲ್ಲಿ ಹೆಪ್ಪಿಗೆ ಮಜ್ಜಿಗೆ ಇಲ್ಲದಾಗ ಪಕ್ಕದ ಮನೆಯಿಂದ ಒಂದು ಚಮಚ ತರುತ್ತೇವಲ್ಲ? ಹಾಲು ನಮ್ಮದು, ಪಾತ್ರೆ ನಮ್ಮದು, ರಾತ್ರಿಯಿಡೀ ಬೆಚ್ಚಗೆ ಇಟ್ಟದ್ದು ನಾವು. ಬೆಳಿಗ್ಗೆ ಆಗುವ ಮೊಸರು ಯಾರದ್ದು?" ಮಗಳು "ನಮ್ಮದು" ಎಂದಳಂತೆ; ಸ್ವಲ್ಪ ಹೊತ್ತು ಬಿಟ್ಟು, "ಪಕ್ಕದ ಮನೆಯವರಿಗೆ ಥ್ಯಾಂಕ್ಸ್ ಹೇಳಿದ್ದೀರಾ?" ಎಂದು ಕೇಳಿದಳಂತೆ.

ಹೋಲಿಕೆ ನಾಲ್ಕರ ಹರೆಯಕ್ಕೆ ಸಾಕು, ಎಂಟರ ಹೊತ್ತಿಗೆ ಸಾಲದು. ಆಗ ಅಂಡಾಣು, ವೀರ್ಯಾಣು, ದಾನಿ ಎಂಬ ಮಾತುಗಳನ್ನೇ ಬಳಸಿ. ದಾನಿಯನ್ನು "ನಿಜವಾದ ಅಪ್ಪ", "ನಿಜವಾದ ಅಮ್ಮ" ಎಂದು ತಪ್ಪಿಯೂ ಕರೆಯಬೇಡಿ, ಬೇರೆಯವರು ಕರೆದರೆ ಅಲ್ಲಿಯೇ ತಿದ್ದಿ. ಹೇಳುವಾಗ ಇಬ್ಬರೂ ಇರಿ. ಒಮ್ಮೆ ಹೇಳಿ ಮುಗಿಯಿತೆಂದು ತಿಳಿಯಬೇಡಿ; ವರ್ಷಕ್ಕೆರಡು ಸಲವಾದರೂ ಮಾತು ತಾನಾಗಿ ಬರುವಂತೆ ಬಾಗಿಲು ತೆರೆದಿಡಿ. "ಇದನ್ನು ಶಾಲೆಯಲ್ಲಿ ಹೇಳಬೇಡ" ಎಂದು ಹೆದರಿಸಿದರೆ ಮಗು ಅದನ್ನು ನಾಚಿಕೆಯ ವಿಷಯವೆಂದು ತಿಳಿಯುತ್ತದೆ. "ಇದು ನಿನ್ನ ಕಥೆ, ಯಾರಿಗೆ ಹೇಳಬೇಕೆಂದು ನಮ್ಮ ಹತ್ತಿರ ಕೇಳಿ ನೀನೇ ತೀರ್ಮಾನಿಸು" ಎಂದರೆ ಸಾಕು.

ತಡವಾಗಿದ್ದರೆ

ಯಕ್ಷಗಾನ, ತಾಳಮದ್ದಳೆ ನೋಡಿ ಬೆಳೆದ ನಮಗೆ ಕರ್ಣನ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧ ಇನ್ನೇನು ಆರಂಭವಾಗುತ್ತದೆ ಎನ್ನುವಾಗ, ತನ್ನ ಹುಟ್ಟನ್ನು ಹೆತ್ತವಳ ಬಾಯಿಂದಲ್ಲದೆ ಕೃಷ್ಣನಿಂದ ಮೊದಲು ಕೇಳಬೇಕಾಗಿ ಬಂದವನು ಅವನು. ಹದಿಹರೆಯದವರಿಗೆ, ಬೆಳೆದು ನಿಂತವರಿಗೆ ಹೇಳಬೇಕಾಗಿ ಬಂದ ಹೆತ್ತವರಿಗೆ ನಾನು ಈ ಮಾತನ್ನು ನೆನಪಿಸುತ್ತೇನೆ: ಬೇರೆಯವರು ಹೇಳುವ ಮೊದಲು ನೀವೇ ಹೇಳಿ, ಮತ್ತು ಸಮಯ ನೋಡಿ ಹೇಳಿ. ಪರೀಕ್ಷೆಯ ಹಿಂದಿನ ವಾರ, ಮದುವೆಯ ಮಾತುಕತೆ ನಡೆಯುವ ತಿಂಗಳು, ಮನೆಯಲ್ಲಿ ಯಾರಾದರೂ ತೀರಿಹೋದ ದಿನಗಳು ಸಲ್ಲವು. ಜಗಳದ ಮಧ್ಯೆಯಂತೂ ಎಂದಿಗೂ ಬೇಡ.

ಹೇಳುವಾಗ ಕಾರಣಗಳ ಪಟ್ಟಿ ಕೊಡದೆ ಕ್ಷಮೆಯಿಂದ ಆರಂಭಿಸಿ: "ಇದನ್ನು ಮೊದಲೇ ಹೇಳಬೇಕಿತ್ತು, ನಮಗೆ ಧೈರ್ಯ ಸಾಲಲಿಲ್ಲ, ತಪ್ಪಾಯಿತು." ಅವರು ಸಿಟ್ಟಾಗುವುದು ಹೆಚ್ಚಾಗಿ ದಾನಿಯ ವಿಷಯಕ್ಕಲ್ಲ, ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ. ಆ ಸಿಟ್ಟಿಗೆ ಉತ್ತರ ಕೊಡಲು ಹೋಗಬೇಡಿ. ಕೆಲವರು ವಾರಗಟ್ಟಲೆ ಮಾತು ಬಿಡುತ್ತಾರೆ, ಕೆಲವರು ಕನ್ನಡಿಯ ಮುಂದೆ ನಿಂತು ಮುಖವನ್ನೇ ನೋಡಿಕೊಳ್ಳುತ್ತಾರೆ, ಕೆಲವರು "ಸರಿ" ಎಂದು ಎದ್ದುಹೋಗಿ ಆರು ತಿಂಗಳ ನಂತರ ಒಂದು ರಾತ್ರಿ ಕೇಳಲಾರಂಭಿಸುತ್ತಾರೆ. ದಾನಿ ಹೇಗಿದ್ದಿರಬಹುದು, ತನ್ನನ್ನು ನೆನೆಸಿಕೊಳ್ಳುತ್ತಿರಬಹುದೇ ಎಂಬ ಅವರ ಕುತೂಹಲವನ್ನು ನಿಮ್ಮ ಮೇಲಿನ ಪ್ರೀತಿ ಕಡಿಮೆಯಾದ ಗುರುತೆಂದು ತಿಳಿಯಬೇಡಿ. ಅದಕ್ಕೆ ಉತ್ತರ ನಿಮ್ಮಲ್ಲಿ ಇಲ್ಲದಿದ್ದರೆ ಇಲ್ಲವೆಂದೇ ಹೇಳಿ, ಕಾನೂನು ಆ ಹೆಸರನ್ನು ಬಿಟ್ಟುಕೊಡುವುದಿಲ್ಲವೆಂಬುದನ್ನೂ ಹೇಳಿ, ಅವರಿಗೆ ಬೇಸರವಾದರೆ ಜೊತೆಗೆ ಕುಳಿತುಕೊಳ್ಳಿ.

ಚಿಕಿತ್ಸೆಯ ಕಾಲದಲ್ಲಿ ತೆರೆದ ಕಡತ ಕೆಲಸಕ್ಕೆ ಬರುವುದು ಆಗಲೇ. ಜನನ ಪ್ರಮಾಣಪತ್ರ, ಜಾತಕ, ಲಸಿಕೆಯ ಕಾರ್ಡು ಇಡುವ ಕಪಾಟಿನಲ್ಲಿಯೇ ಅದನ್ನೂ ಇಡಿ, ಬೀಗದೊಳಗೆ ಬೇಡ. ದಾನಿಯ ವಿವರದ ಹಾಳೆ, ಕ್ಲಿನಿಕ್‌ನ ಕಾಗದಗಳು, ಸ್ಕ್ಯಾನ್ ಚಿತ್ರಗಳು, ಆ ದಿನಗಳಲ್ಲಿ ನೀವು ಏನು ಯೋಚಿಸಿದಿರಿ, ಯಾಕೆ ಈ ದಾರಿ ಹಿಡಿದಿರಿ ಎಂದು ಇಬ್ಬರೂ ಕೈಯಾರೆ ಬರೆದ ಒಂದೆರಡು ಪುಟ ಅದರಲ್ಲಿರಲಿ. ಹದಿನೆಂಟು ತುಂಬಿದ ಮೇಲೆ ಅದು ಅವರದು. ಓದುವುದೋ ಹಾಗೆಯೇ ಇಡುವುದೋ ಎಂಬುದನ್ನು ಅವರಿಗೇ ಬಿಡಿ.